ದುರ್ಗವೂ ಪೇಟೆಯೂ: ಅಂತಃಕಲಹದ ಕಾಲದ ಬೆಂಗಳೂರು

ರಾಜ್ಯಕ್ಕೆ ಹೊರಗಿನಿಂದ ಬರುವ ಕೇಡಿಗಿಂತ ಒಳಗಿನಿಂದ ಹುಟ್ಟುವ ಕೇಡು ಹೆಚ್ಚು ಭಯಂಕರವಾದುದೆಂದು ಕೌಟಿಲ್ಯನ ಮತ. ಹೊರಗಿನ ಶತ್ರುವು ಬಾಗಿಲಿನ ಆಚೆ ನಿಂತಿರುತ್ತಾನೆ. ಅವನ ಬಲಾಬಲಗಳನ್ನು ಎಣಿಸಬಹುದು. ಒಳಗಿನ ಶತ್ರುವಾದರೋ ಮನೆಯೊಳಗೆ ಸೇರಿಕೊಂಡ ಹಾವಿನಂತೆ. ಯಾವ ಮೂಲೆಯಲ್ಲಿ ಸುರುಳಿಗೊಂಡಿರುವನೆಂಬುದು ತಿಳಿಯದು. ಈ ಮಾತಿನ ಸತ್ಯವು ಎಲ್ಲ ದೇಶಗಳಲ್ಲಿಯೂ ಎಲ್ಲ ಕಾಲಗಳಲ್ಲಿಯೂ ಕಂಡುಬಂದಿದೆ. ಉತ್ತರ ಆಫ್ರಿಕದ ಮರುಭೂಮಿಯ ಅಂಚಿನಲ್ಲಿ ಲಿಬಿಯಾ ದೇಶಕ್ಕೆ ಸೇರಿದ ಸಿರ್ತ್ ಎಂಬ ಪಟ್ಟಣವಿದೆ. 2011ರ ಅಂತರ್ಯುದ್ಧದಲ್ಲಿ ಒಮ್ಮೆ, 2016ರಲ್ಲಿ ಮತ್ತೊಮ್ಮೆ, ಆ ಪಟ್ಟಣವು ಬೀದಿಬೀದಿಯ ಕಾಳಗಕ್ಕೆ ಸಿಕ್ಕಿ ಜರ್ಜರಿತವಾಯಿತು; ಮನೆಗಳು ಮುರಿದುಬಿದ್ದು ನಿವಾಸಿಗಳು ಊರು ತೊರೆದರು. ಇಂತಹ ವಾರ್ತೆಗಳನ್ನು ಓದುವಾಗ ಬಸವನಗುಡಿಯ ಅಥವಾ ಮಲ್ಲೇಶ್ವರದ ಗೃಹಸ್ಥನಿಗೆ ಅದೆಲ್ಲವೂ ಬಹುದೂರದ ಸಂಗತಿಯೆಂದು ತೋರುವುದು ಸಹಜ. ಆದರೆ ಚಾಮರಾಜಪೇಟೆಯಿಂದ ಕೃಷ್ಣರಾಜ ಮಾರುಕಟ್ಟೆಯ ಕಡೆಗೆ ಹೋಗುವ ದಾರಿಯಲ್ಲಿ, ಆಸ್ಪತ್ರೆಯ ಕಟ್ಟಡಗಳ ಎದುರಿಗೆ, ಹಳೆಯ ಕಲ್ಲುಕೋಟೆಯ ಒಂದು ತುಂಡು ಇಂದಿಗೂ ನಿಂತಿದೆ. ಬೆಂಗಳೂರಿಗೂ ಅಂತಹ ದಿನಗಳು ಬಂದಿದ್ದುವೆಂಬುದಕ್ಕೆ ಆ ಕಲ್ಲುಗಳೇ ಸಾಕ್ಷಿ.

ಬೆಂಗಳೂರು ನದಿಯಿಲ್ಲದ ಊರು. ಸಮುದ್ರಮಟ್ಟಕ್ಕೆ ಸುಮಾರು 3,000 ಅಡಿ ಎತ್ತರದ ದಿಣ್ಣೆಯ ಬೆನ್ನಿನ ಮೇಲೆ ಅದು ಕುಳಿತಿರುವುದರಿಂದ, ಬಿದ್ದ ಮಳೆಯ ನೀರು ಸುತ್ತಲ ಕಣಿವೆಗಳಿಗೆ ಇಳಿದುಹೋಗುವುದೇ ಹೊರತು ತಾನಾಗಿ ನಿಲ್ಲುವುದಿಲ್ಲ. ಕೆರೆಯನ್ನು ಕಟ್ಟದೆ ಇಲ್ಲಿ ಊರನ್ನು ಕಟ್ಟುವಂತಿಲ್ಲ. ಯಲಹಂಕ ನಾಡಿನ ಕೆಂಪೇಗೌಡನು 1537ರಲ್ಲಿ ಇಲ್ಲಿ ಮಣ್ಣಿನ ಕೋಟೆಯನ್ನು ಹಾಕಿಸಿ ಪೇಟೆಯನ್ನು ಸ್ಥಾಪಿಸಿದನೆಂದು ಪ್ರತೀತಿ. ಆ ಮನೆತನದ ಕಾಲದಲ್ಲಿ ಹುಟ್ಟಿದ ಕೆಂಪಾಂಬುಧಿ, ಧರ್ಮಾಂಬುಧಿ ಮೊದಲಾದ ಕೆರೆಗಳೇ ಆ ಪೇಟೆಗೆ ಜೀವಾಧಾರವಾಗಿದ್ದುವು. ಊರಿಗೆ ನದಿಯಿರಲಿಲ್ಲವಾದರೂ ದಾರಿಗಳಿದ್ದುವು. ಪೂರ್ವದ ಪಾಯಿನ್ ಘಾಟಿನಿಂದ ಉಪ್ಪು, ಪಶ್ಚಿಮದ ಮಲೆನಾಡಿನಿಂದ ಅಡಕೆ ಮೆಣಸು, ಉತ್ತರದ ಹುಬ್ಬಳ್ಳಿ ನವಲಗುಂದಗಳ ಕಡೆಯಿಂದ ಅರಳೆ, ಇವೆಲ್ಲವೂ ಎತ್ತಿನ ಹೇರುಗಳ ಮೇಲೆ ಬಂದು ಇಲ್ಲಿ ಕೈ ಬದಲಾಗುತ್ತಿದ್ದುವು. ಅರಳೆಪೇಟೆ, ಅಕ್ಕಿಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ ಎಂಬ ಹೆಸರುಗಳೇ ಅಂದಿನ ಕಸುಬುಗಳ ಪಟ್ಟಿಯಾಗಿವೆ.

ಈ ಊರಿನ ರಚನೆಯಲ್ಲಿ ಒಂದು ವಿಶೇಷವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳತಕ್ಕದ್ದು. ನಮ್ಮ ನೀತಿಶಾಸ್ತ್ರಕಾರರು ರಾಜ್ಯಕ್ಕೆ ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂದು ಏಳು ಅಂಗಗಳನ್ನು ಹೇಳುತ್ತಾರೆ. ಮೈಸೂರಿನಲ್ಲಿಯೇ ಶೋಧವಾಗಿ 1909ರಲ್ಲಿ ಅಚ್ಚಾದ ಅರ್ಥಶಾಸ್ತ್ರದಲ್ಲಿ ವರ್ಣಿತವಾಗಿರುವ ದುರ್ಗದೊಳಗೆ ಅರಮನೆಯೂ ದೇವಾಲಯಗಳೂ ವರ್ತಕರ ಬೀದಿಗಳೂ ಕುಶಲಕರ್ಮಿಗಳ ಮನೆಗಳೂ ಒಂದೇ ಪ್ರಾಕಾರದ ಒಳಗಿರುತ್ತವೆ. ಬೆಂಗಳೂರಿನಲ್ಲಿ ಹಾಗಿರಲಿಲ್ಲ. ಉತ್ತರಕ್ಕೆ ಪೇಟೆ, ಅದರ ಸುತ್ತ ಮಣ್ಣಿನ ಗೋಡೆ, ಕಂದಕ, ಮುಳ್ಳಿನ ಮೆಳೆ. ದಕ್ಷಿಣಕ್ಕೆ ಬೇರೆಯಾಗಿ ಅಂಡಾಕಾರದ ಕೋಟೆ, ಅದರೊಳಗೆ ಕಿಲ್ಲೇದಾರನೂ ದಂಡೂ ಮದ್ದಿನ ಮನೆಯೂ. ಆಳುವವರನ್ನು ಕಾಯುವ ಗೋಡೆ ಒಂದು, ದುಡಿಯುವವರನ್ನು ಕಾಯುವ ಗೋಡೆ ಮತ್ತೊಂದು. ಶಾಂತಿಯ ದಿನಗಳಲ್ಲಿ ಈ ಭೇದವು ಗಣನೆಗೆ ಬಾರದು. ಯುದ್ಧ ಬಂದಾಗಲಾದರೋ ಊರಿನ ಹಣೆಬರಹವೆಲ್ಲವೂ ಈ ಎರಡು ಗೋಡೆಗಳ ನಡುವಣ ಅಂತರದಲ್ಲಿ ಬರೆಯಲ್ಪಡುತ್ತಿತ್ತು.

ಈ ಊರು ರಾಜಧಾನಿಯಾಗಿರದಿದ್ದರೂ ಎಲ್ಲರ ಕಣ್ಣೂ ಇದರ ಮೇಲಿತ್ತು. 1638ರ ಸುಮಾರಿಗೆ ಬಿಜಾಪುರದ ಸೇನಾನಿ ರಣದುಲ್ಲಾಖಾನನು ಇದನ್ನು ಕೆಂಪೇಗೌಡನ ವಂಶದವರಿಂದ ಕಸಿದುಕೊಂಡನು; ಊರು ಷಹಾಜಿಯ ಜಹಗೀರಾಯಿತು. 1687ರಲ್ಲಿ ಔರಂಗಜೇಬನ ಸೇನಾನಿ ಕಾಸಿಂಖಾನನು ಹಿಡಿದನು. ಅವನಿಂದ ಮೂರು ಲಕ್ಷ ರೂಪಾಯಿಗಳಿಗೆ ಚಿಕ್ಕದೇವರಾಜ ಒಡೆಯರು ಕೊಂಡರು. ಹೀಗೆ ಐವತ್ತು ವರ್ಷಗಳೊಳಗೆ ಊರು ಕತ್ತಿಯಿಂದಲೂ ಜಹಗೀರಿನ ಪತ್ರದಿಂದಲೂ ಹಣದಿಂದಲೂ ಕೈ ಬದಲಾಯಿಸಿತು. ಕೊಂಡವರೂ ಕೊಟ್ಟವರೂ ಪೇಟೆಯವರನ್ನು ಕೇಳಿದುದಿಲ್ಲ. ಆದರೂ ಮೈಸೂರಿನ ಆಳ್ವಿಕೆಯಲ್ಲಿ ಸುಮಾರು ಎಪ್ಪತ್ತು ವರ್ಷಗಳ ಕಾಲ ಪೇಟೆಯು ನೆಮ್ಮದಿಯಿಂದ ಬೆಳೆಯಿತು. ಕೋಟೆ ವೆಂಕಟರಮಣಸ್ವಾಮಿಯ ದೇವಾಲಯವು ಆ ಮೊದಲ ದಿನಗಳ ಸ್ಮಾರಕವಾಗಿ ಈಗಲೂ ಇದೆ.

ಒಳಗಿನ ಹಾವು ತಲೆಯೆತ್ತಿದುದು ಇಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. 1734ರಲ್ಲಿ ಪಟ್ಟಕ್ಕೆ ಬಂದ ಆ ಅರಸರು ಹೆಸರಿಗೆ ಮಾತ್ರ ಸ್ವಾಮಿಗಳಾಗಿದ್ದರು. ಅಧಿಕಾರವೆಲ್ಲವೂ ದಳವಾಯಿ ದೇವರಾಜಯ್ಯ, ಸರ್ವಾಧಿಕಾರಿ ನಂಜರಾಜಯ್ಯ ಎಂಬ ಸಹೋದರರ ಕೈಯಲ್ಲಿತ್ತು. ತಿರುಚಿರಾಪಳ್ಳಿಯ ಆಸೆಯಿಂದ ಮಾಡಿದ ದೀರ್ಘಯುದ್ಧದಲ್ಲಿ ಬೊಕ್ಕಸ ಬರಿದಾಯಿತು. ಸಂಬಳ ಬಾರದ ದಂಡಾಳುಗಳು ಮಂತ್ರಿಯ ಮನೆಯ ಬಾಗಿಲಲ್ಲಿ ಧರಣಿ ಕುಳಿತರು. ಈ ಸಂಕಟದಲ್ಲಿ ಹಣ ಒದಗಿಸಿ ದಂಡನ್ನು ಸಮಾಧಾನಪಡಿಸಿದವನು ಹೈದರ್ ಅಲಿ. ಅವನ ಲೆಕ್ಕಪತ್ರಗಳನ್ನು ನೋಡುತ್ತಿದ್ದವನು ಖಂಡೇರಾಯನೆಂಬ ಬ್ರಾಹ್ಮಣ. ಹೈದರನು ಅಕ್ಷರ ಬಾರದವನು, ಆದರೆ ಕಣ್ಣಿಟ್ಟ ಲೆಕ್ಕವನ್ನು ಮರೆಯದವನು. ಖಂಡೇರಾಯನು ಕಾಗದಪತ್ರಗಳಲ್ಲಿ ನಿಪುಣನು. ಒಬ್ಬನಿಗೆ ಒಬ್ಬನು ಕೈಯೂ ಕಣ್ಣೂ ಆಗಿ ಇಬ್ಬರೂ ಏಕಕಾಲದಲ್ಲಿ ಮೇಲಕ್ಕೆ ಬಂದರು.

1758ರ ಸುಮಾರಿಗೆ ಬೆಂಗಳೂರಿನ ಕೋಟೆಯೂ ಸೀಮೆಯೂ ಹೈದರನಿಗೆ ಜಹಗೀರಾಗಿ ದೊರೆತುವು. ಮರುವರ್ಷವೇ ಗೋಪಾಲ ಹರಿಯೆಂಬ ಮರಾಠಾ ಸರದಾರನು ಬೆಂಗಳೂರನ್ನು ಮುತ್ತಿದನು. ಹೈದರನು ಅವನೊಡನೆ ಸೆಣಸಿ, ಕಡೆಗೆ 32 ಲಕ್ಷ ರೂಪಾಯಿಗಳಿಗೆ ಸಂಧಿಯಾಗಿ, ಅದರಲ್ಲಿ ಅರ್ಧವನ್ನು ಕೊಟ್ಟು ಉಳಿದುದಕ್ಕೆ ತನ್ನ ಹೊಣೆಯನ್ನು ನಿಲ್ಲಿಸಿ, ಮುತ್ತಿಗೆಯನ್ನು ತೆಗೆಸಿದನು. ಅರಸರಿಂದ ಅವನಿಗೆ ಫತೇ ಹೈದರ್ ಬಹದ್ದೂರ್ ಎಂಬ ಬಿರುದು ಬಂದಿತು. ನಂಜರಾಜಯ್ಯನು ಅಧಿಕಾರವನ್ನು ಬಿಟ್ಟು ಹೊರಡಬೇಕಾಯಿತು. ಖಂಡೇರಾಯನು ಪ್ರಧಾನನಾದನು. ದಳವಾಯಿಗಳ ಹಿಡಿತದಿಂದ ಬಿಡಿಸಿಕೊಂಡ ಅರಮನೆಯವರಿಗೆ ಈಗ ಹೊಸ ಭಯವೊಂದು ಹುಟ್ಟಿತು. ಹಳೆಯ ಸರ್ವಾಧಿಕಾರಿ ಹೋದನು. ಅವನ ಸ್ಥಾನದಲ್ಲಿ ಅವನಿಗಿಂತ ಬಲಿಷ್ಠನಾದವನು ನಿಂತನು.

1760ರಲ್ಲಿ ಹೈದರನ ದಂಡಿನ ಬಹುಭಾಗವು ಮಖ್ದೂಂ ಅಲಿಯ ಕೈಕೆಳಗೆ ಪುದುಚೇರಿಯ ಫ್ರೆಂಚರ ಸಹಾಯಕ್ಕಾಗಿ ಘಟ್ಟದ ಕೆಳಗೆ ಹೋಗಿತ್ತು. ಹೈದರನು ಸ್ವಲ್ಪ ಜನರೊಡನೆ ಶ್ರೀರಂಗಪಟ್ಟಣದ ಕೋಟೆಯ ಹೊರಗೆ ದ್ವೀಪದಲ್ಲಿಯೇ ಬೀಡುಬಿಟ್ಟಿದ್ದನು. ಅರಮನೆಯವರು ಖಂಡೇರಾಯನೊಡನೆ ಆಲೋಚಿಸಿ, ವಿಸಾಜಿಪಂತನೆಂಬ ಮರಾಠಾ ಸರದಾರನ ನೆರವನ್ನು ಗೊತ್ತುಮಾಡಿಕೊಂಡು, ಆಗಸ್ಟ್ ತಿಂಗಳ 12ರಂದು ಬಾಗಿಲುಗಳನ್ನು ಮುಚ್ಚಿಸಿದರು. ಕೋಟೆಯ ಮೇಲಿನಿಂದ ಹೈದರನ ಬೀಡಿನ ಮೇಲೆ ಗುಂಡುಗಳು ಬಿದ್ದುವು. ಹೈದರನು ಮೊದಲು ಖಂಡೇರಾಯನಿಗೇ ಹೇಳಿಕಳುಹಿಸಲು ಹೊರಟನಂತೆ. ತನ್ನ ಲೆಕ್ಕಿಗನೇ ತನ್ನ ಮೇಲೆ ಗುಂಡು ಹಾರಿಸುತ್ತಿರುವನೆಂದು ನಂಬಲು ಅವನಿಗೆ ಕೆಲವು ಗಳಿಗೆ ಹಿಡಿಯಿತು. ಆ ರಾತ್ರಿ, ಬಾಲಕ ಟಿಪ್ಪುವೂ ಸೇರಿದಂತೆ ತನ್ನ ಕುಟುಂಬವನ್ನು ಅಲ್ಲಿಯೇ ಬಿಟ್ಟು, ಕೆಲವು ಕುದುರೆಯವರೊಡನೆ ತುಂಬಿದ ಕಾವೇರಿಯನ್ನು ದಾಟಿ ಓಡಿದನು. ಆ ಕುಟುಂಬಕ್ಕೆ ಖಂಡೇರಾಯನು ಯಾವ ಕೇಡನ್ನೂ ಮಾಡಲಿಲ್ಲವೆಂಬುದನ್ನು ಅವನ ಪರವಾಗಿ ಹೇಳಲೇಬೇಕು.

ಈಗ ಹೈದರನ ಸ್ಥಿತಿಯನ್ನು ಸಪ್ತಾಂಗಗಳಿಂದ ಅಳೆದು ನೋಡಬಹುದು. ಸ್ವಾಮಿಯು ವಿರುದ್ಧ, ಅಮಾತ್ಯನು ವಿರುದ್ಧ, ದಂಡು ದೂರ, ಕೋಶವು ಕೈಬಿಟ್ಟಿತು. ಉಳಿದುದು ಒಂದು ದುರ್ಗ, ಅದೂ ಉಳಿದಿದೆಯೋ ಇಲ್ಲವೋ ಎಂಬ ಸಂಶಯ. ಅವನು ನೇರವಾದ ಹೆದ್ದಾರಿಯನ್ನು ಬಿಟ್ಟು ಆನೇಕಲ್ಲಿಗೆ ಬಂದನು. ಅಲ್ಲಿದ್ದ ಅವನ ಬಂಧು ಇಸ್ಮಾಯಿಲ್ ಅಲಿಯು ಮುಂದಾಗಿ ಬೆಂಗಳೂರಿಗೆ ಹೋಗಿ ಸ್ಥಿತಿಗತಿಯನ್ನು ವಿಚಾರಿಸಿದನು. ಬೆಂಗಳೂರಿನ ಕಿಲ್ಲೇದಾರ ಕಬೀರ್ ಬೇಗನು ಹೈದರನ ಹಳೆಯ ಸ್ನೇಹಿತನು. ಅರಸರ ಹೆಸರಿನ ಆಜ್ಞೆ ಒಂದು ಕಡೆ, ಸ್ನೇಹಿತನ ಋಣ ಮತ್ತೊಂದು ಕಡೆ. ಅವನು ಸ್ನೇಹಿತನಿಗೆ ಬಾಗಿಲು ತೆಗೆದನು. ಮೈಸೂರಿನ ಮುಂದಿನ ನಾಲ್ವತ್ತು ವರ್ಷಗಳ ಇತಿಹಾಸವು ಅಂದು ತೆರೆದ ಆ ಬಾಗಿಲಿನ ಮೂಲಕವೇ ಒಳಗೆ ಬಂದಿತು.

ದುರ್ಗ ದೊರೆಯಿತು, ಆದರೆ ಕೋಶವಿಲ್ಲದೆ ದಂಡಿಲ್ಲ. ಹೈದರನು ಪೇಟೆಯ ಕಡೆಗೆ ತಿರುಗಿದನು. ಕರ್ನಲ್ ವಿಲ್ಕ್ಸ್ ಬರೆದಿರುವ ಮೈಸೂರಿನ ಚರಿತ್ರೆಯ ಪ್ರಕಾರ, ಬೆಂಗಳೂರಿನ ಸಾಹುಕಾರರು ಹೈದರನ ಸ್ವಂತ ಮಾತಿನ ಮೇಲೆ ನಾಲ್ಕು ಲಕ್ಷ ರೂಪಾಯಿಗಳನ್ನು ಸಾಲ ಕೊಟ್ಟರು. ಈ ಸಂಗತಿಯು ಚರಿತ್ರೆಯ ಗ್ರಂಥಗಳಲ್ಲಿ ಒಂದು ವಾಕ್ಯದಲ್ಲಿ ಮುಗಿದುಹೋಗುತ್ತದೆ. ಸ್ವಲ್ಪ ನಿಂತು ಆಲೋಚಿಸಿದರೆ ಇದರಷ್ಟು ಆಶ್ಚರ್ಯಕರವಾದುದು ಆ ಕಥೆಯಲ್ಲಿ ಬೇರೊಂದಿಲ್ಲ. ಮೂರು ಲಕ್ಷಕ್ಕೆ ಒಮ್ಮೆ ಇಡೀ ಊರೇ ಮಾರಾಟವಾಗಿತ್ತೆಂಬುದನ್ನು ಜ್ಞಾಪಿಸಿಕೊಂಡರೆ ಈ ಮೊತ್ತದ ತೂಕವು ತಿಳಿದೀತು. ಸಾಲ ಬೇಡಿದವನು ರಾಜದ್ರೋಹಿಯೆಂದು ಘೋಷಿತನಾದವನು, ಹೆಂಡತಿ ಮಕ್ಕಳನ್ನು ಶತ್ರುವಿನ ಕೈಯಲ್ಲಿ ಬಿಟ್ಟು ಬಂದವನು. ಅವನು ಸೋತರೆ ಸಾಲವೂ ಹೋಯಿತು, ಸಾಲ ಕೊಟ್ಟವರ ತಲೆಯೂ ಹೋಯಿತು.

ಹಾಗಾದರೆ ಏಕೆ ಕೊಟ್ಟರು? ಹೈದರನ ದಂಡು ಕೋಟೆಯಲ್ಲಿದ್ದುದರಿಂದ ಹೆದರಿ ಕೊಟ್ಟರೆಂದು ಹೇಳಬಹುದು. ಸಾಲವೆಂಬ ಹೆಸರಿನ ಸುಲಿಗೆಯು ನಮ್ಮ ಇತಿಹಾಸದಲ್ಲಿ ಅಪರೂಪವಲ್ಲ. ಆದರೆ ಭಯವೊಂದೇ ಕಾರಣವೆಂದರೆ ಪೂರ್ತಿ ಸರಿಯಾಗದು, ಏಕೆಂದರೆ ಆ ವೇಳೆಯಲ್ಲಿ ಹೈದರನ ಬಳಿ ಹೆದರಿಸುವಷ್ಟು ಬಲವಿರಲಿಲ್ಲ. ಒಂದು ವರ್ಷದ ಹಿಂದೆ ಮರಾಠರ ಮುತ್ತಿಗೆಯಿಂದ ಊರನ್ನು ಉಳಿಸಿದವನು ಅವನು. ಮರಾಠರಿಗೆ ಕೊಡಬೇಕಾದ ಹಣಕ್ಕೆ ಹೊಣೆ ನಿಂತವನೂ ಅವನು. ಅತ್ತ ಖಂಡೇರಾಯನಾದರೋ ಅದೇ ಮರಾಠರ ಕುದುರೆಗಳನ್ನು ಮತ್ತೆ ರಾಜ್ಯದೊಳಕ್ಕೆ ಕರೆದುಕೊಂಡು ಬಂದಿದ್ದನು. ವರ್ತಕನು ನ್ಯಾಯಾನ್ಯಾಯಗಳಿಗಿಂತ ಮೊದಲು, ದಾರಿಯಲ್ಲಿ ತನ್ನ ಹೇರು ಕ್ಷೇಮವಾಗಿ ಬರುವುದೋ ಇಲ್ಲವೋ ಎಂಬುದನ್ನು ನೋಡುವನು. ಅಂತಃಕಲಹದ ಕಾಲದಲ್ಲಿ ಪ್ರಜೆಯ ಮುಂದಿರುವ ಪ್ರಶ್ನೆಯು ಯಾರು ಧರ್ಮಿಷ್ಠರೆಂಬುದಲ್ಲ. ಯಾರನ್ನು ನಂಬಿದರೆ ಬೆಳಗಾಗುವವರೆಗೆ ಬದುಕಿರಬಹುದೆಂಬುದು. ಪೇಟೆಯವರು ಅಂದು ಒಂದು ಕಡೆಯನ್ನು ನಂಬಿದರು. ಆ ನಂಬಿಕೆಯು ಗೆದ್ದಿತು.

ಉಳಿದ ಕಥೆಯು ಬೇಗ ಬೇಗ ನಡೆಯಿತು. ಮಖ್ದೂಂ ಅಲಿಯು ಘಟ್ಟವನ್ನು ಹತ್ತಿ ಬರುವಾಗ ಅವನ ದಾರಿ ಕಟ್ಟಿದ್ದ ವಿಸಾಜಿಪಂತನು, ಬಾರಾಮಹಲ್ ಸೀಮೆಯನ್ನೂ ಹಣವನ್ನೂ ಕೊಡುವುದಾಗಿ ಹೈದರನು ಒಪ್ಪಿಕೊಂಡ ಕೂಡಲೆ ಆತುರದಿಂದ ಹಿಂದಿರುಗಿದನು. ಆ ಆತುರಕ್ಕೆ ಕಾರಣವು ಬಹುದೂರದಲ್ಲಿತ್ತು. 1761ರ ಜನವರಿ 14ರಂದು ಪಾಣಿಪತ್ತಿನಲ್ಲಿ ಮರಾಠರ ಮಹಾಸೈನ್ಯವು ನಾಶವಾಗಿತ್ತು. ಬಳಿಕ ನಂಜನಗೂಡಿನ ಸಮೀಪದ ಕಾಳಗದಲ್ಲಿ ಹೈದರನು ಸೋತನು. ಸೋತವನು ಯಾರನ್ನು ಅಧಿಕಾರದಿಂದ ಇಳಿಸಿದ್ದನೋ ಆ ನಂಜರಾಜಯ್ಯನ ಕಾಲಿಗೇ ಬಿದ್ದು ಕ್ಷಮೆ ಬೇಡಿ, ಅವನ ಹೆಸರನ್ನೂ ಮುದ್ರೆಯನ್ನೂ ಪಡೆದನು. ಖಂಡೇರಾಯನ ಸರದಾರರಿಗೆ ನಂಜರಾಜಯ್ಯನು ಬರೆದಂತೆ ಕಪಟಪತ್ರಗಳನ್ನು ಸೃಷ್ಟಿಸಿ, ಅವು ಖಂಡೇರಾಯನ ಕೈಗೇ ಬೀಳುವಂತೆ ಮಾಡಿದನು. ಜೀವಮಾನವೆಲ್ಲ ಕಾಗದಗಳನ್ನು ಓದಿ ಮೇಲೆ ಬಂದ ಖಂಡೇರಾಯನು ಆ ಸುಳ್ಳು ಕಾಗದಗಳನ್ನು ನಂಬಿದನು. ತನ್ನವರೆಲ್ಲರೂ ತನಗೆ ದ್ರೋಹ ಬಗೆದಿರುವರೆಂದು ತಿಳಿದು ಸೈನ್ಯವನ್ನು ಬಿಟ್ಟು ಶ್ರೀರಂಗಪಟ್ಟಣಕ್ಕೆ ಓಡಿದನು. 1761ರ ಮಧ್ಯದ ವೇಳೆಗೆ ಹೈದರನು ರಾಜಧಾನಿಯ ಮುಂದೆ ನಿಂತಿದ್ದನು. ಅರಸರಿಗೂ ನಂಜರಾಜಯ್ಯನಿಗೂ ಖರ್ಚಿಗೆ ಕೆಲವು ಸೀಮೆಗಳನ್ನು ಬಿಟ್ಟು, ರಾಜ್ಯದ ಉಳಿದ ಆಡಳಿತವೆಲ್ಲವನ್ನೂ ಅವನು ತನ್ನ ಕೈಗೆ ತೆಗೆದುಕೊಂಡನು.

ಖಂಡೇರಾಯನನ್ನು ಒಪ್ಪಿಸುವಾಗ ಅವನ ಪ್ರಾಣವನ್ನು ಉಳಿಸಬೇಕೆಂದು ಅರಮನೆಯವರು ಬೇಡಿಕೊಂಡರು. ಪ್ರಾಣವನ್ನು ಉಳಿಸುವುದು ಮಾತ್ರವಲ್ಲ, ಅವನನ್ನು ಗಿಳಿಯಂತೆ ಸಾಕುವೆನೆಂದು ಹೈದರನು ಮಾತು ಕೊಟ್ಟನಂತೆ. ಆ ಮಾತನ್ನು ಅವನು ಅಕ್ಷರಶಃ ನಡೆಸಿದನು. ಖಂಡೇರಾಯನನ್ನು ಕಬ್ಬಿಣದ ಪಂಜರದಲ್ಲಿ ಕೂಡಿಹಾಕಿ ಹಾಲನ್ನವನ್ನು ಕೊಟ್ಟು ಸಾಯುವವರೆಗೂ ಇಟ್ಟರು. ಆ ಪಂಜರವು ಬೆಂಗಳೂರಿನಲ್ಲಿಯೇ ಜನರ ಕಣ್ಣಿಗೆ ಬೀಳುವಂತೆ ಇದ್ದಿತೆಂದು ಹೇಳಿಕೆಯುಂಟು. ಅದು ನಿಜವಾದರೆ, ಸಾಲ ಕೊಟ್ಟ ಸಾಹುಕಾರರು ಅಂಗಡಿಗೆ ಹೋಗುವಾಗಲೂ ಬರುವಾಗಲೂ ತಾವು ನಂಬದೆ ಹೋದವನ ಗತಿಯನ್ನು ಕಂಡಿರಬೇಕು. ನಂಬಿದವನು ಎಂತಹವನೆಂಬುದನ್ನೂ ಕಂಡಿರಬೇಕು.

ಗೆದ್ದ ಹೈದರನು ತನ್ನನ್ನು ಉಳಿಸಿದ ಕೋಟೆಯನ್ನು ಮರೆಯಲಿಲ್ಲ. ಮಣ್ಣಿನ ಕೋಟೆಯು ಅವನ ಕಾಲದಲ್ಲಿ ಕಲ್ಲಿನದಾಯಿತು. ಉತ್ತರಕ್ಕೆ ದೆಹಲಿ ಬಾಗಿಲು, ದಕ್ಷಿಣಕ್ಕೆ ಮೈಸೂರು ಬಾಗಿಲು, ಆಳವಾದ ಕಂದಕ, ಬತೇರಿಗಳು. ಇಂದು ಉಳಿದಿರುವ ತುಂಡನ್ನು ನೋಡಿದರೂ ಅಂದಿನ ಕಲ್ಲುಕುಟಿಗರ ಕೈಚಳಕ ತಿಳಿಯುತ್ತದೆ. ಒಳಗೆ ತೇಗದ ಕಂಬಗಳ ಅರಮನೆಯೂ ಎದ್ದಿತು. ಅದು 1791ರಲ್ಲಿ ಟಿಪ್ಪುವಿನ ಕಾಲಕ್ಕೆ ಮುಗಿಯಿತು. ಆದರೆ ಕಲ್ಲಾದುದು ಕೋಟೆ ಮಾತ್ರ. ಪೇಟೆಯ ಗೋಡೆ ಮಣ್ಣಾಗಿಯೇ ಉಳಿಯಿತು.

ಅರಮನೆ ಮುಗಿದ ವರ್ಷವೇ ಆ ಭೇದದ ಬೆಲೆಯನ್ನು ತೆರಬೇಕಾಯಿತು. ಲಾರ್ಡ್ ಕಾರ್ನ್‌ವಾಲಿಸನ ಸೈನ್ಯವು 1791ರ ಮಾರ್ಚ್ 5ರಂದು ಬೆಂಗಳೂರಿನ ಮುಂದೆ ಬಂದು ಇಳಿಯಿತು. ಎತ್ತುಗಳಿಗೆ ಮೇವಿಲ್ಲದೆ, ಜನರಿಗೆ ಧಾನ್ಯ ಸಾಲದೆ ಆ ಸೈನ್ಯವು ಕಷ್ಟದಲ್ಲಿತ್ತು. ಆದುದರಿಂದ 7ನೆಯ ತಾರೀಖಿನಂದೇ ಇಂಗ್ಲಿಷರು ಪೇಟೆಯ ಬಾಗಿಲಿನ ಮೇಲೆ ಬಿದ್ದರು. ಅಲ್ಲಿ ಕರ್ನಲ್ ಮೂರ್‌ಹೌಸ್ ಎಂಬ ಅವರ ಅಧಿಕಾರಿಯು ಮಡಿದನು. ಬಾಗಿಲು ಮುರಿದು ಪೇಟೆಯು ಅವರ ವಶವಾಯಿತು. ಅದೇ ದಿನ ಟಿಪ್ಪುವು ಪೇಟೆಯನ್ನು ಮರಳಿ ಹಿಡಿಯಲು ದಂಡನ್ನು ಕಳುಹಿಸಿದನು. ಇಕ್ಕಟ್ಟಾದ ಬೀದಿಗಳಲ್ಲಿ ಮನೆಮನೆಯ ಮೂಲೆಯಲ್ಲಿಯೂ ಕಾಳಗವಾಯಿತು. ಮೈಸೂರಿನವರು ಬಹು ಜನರನ್ನು ಕಳೆದುಕೊಂಡು ಹಿಮ್ಮೆಟ್ಟಿದರು. ಕೋಟೆಯು ಇನ್ನೆರಡು ವಾರ ತಡೆದು ನಿಂತಿತು. ಮಾರ್ಚ್ 21ರ ಬೆಳುದಿಂಗಳ ರಾತ್ರಿ, ಗುಂಡುಗಳಿಂದ ಬಿರಿದ ಗೋಡೆಯ ಸಂದಿನಲ್ಲಿ ಶತ್ರುಗಳು ಏರಿದರು. ವೃದ್ಧನಾದ ಕಿಲ್ಲೇದಾರ ಬಹದ್ದೂರ್‌ಖಾನನು ಸ್ಥಳವನ್ನು ಬಿಡದೆ ಕಾದಾಡಿ ಅಲ್ಲಿಯೇ ಬಿದ್ದನು. ಅವನ ಶೌರ್ಯವನ್ನು ಶತ್ರುಗಳೂ ಕೊಂಡಾಡಿದರು. ಗೋಡೆ ಬಿರಿದ ಸ್ಥಳವನ್ನು ತೋರಿಸುವ ಕಲ್ಲಿನ ಫಲಕವೊಂದು ಕೋಟೆಯ ಹೊರಮೈಯಲ್ಲಿದೆ. ಫಲಕದಲ್ಲಿ ಏರಿಬಂದವರ ಮಾತುಂಟು; ಪೇಟೆಯವರ ಮಾತಿಲ್ಲ.

ಪೇಟೆಯವರ ಮಾತು ಬೇರೊಂದು ಕಡೆ ಉಳಿದಿದೆ. 1800ರ ಮೇ ತಿಂಗಳಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಕಂಪೆನಿ ಸರ್ಕಾರದ ಅಪ್ಪಣೆಯಂತೆ ದೇಶಸ್ಥಿತಿಯನ್ನು ಪರೀಕ್ಷಿಸುತ್ತ ಬೆಂಗಳೂರಿಗೆ ಬಂದನು. ಅವನು ದೇವಾಂಗ, ಪಟ್ಟೇಗಾರ, ಖತ್ರಿ, ಪದ್ಮಸಾಲೆ ಮೊದಲಾದ ನೆಯ್ಗೆಯವರನ್ನೂ ಬಣಜಿಗ ವರ್ತಕರನ್ನೂ ವಿಚಾರಿಸಿ, ಮಗ್ಗ ಬಣ್ಣ ನೂಲು ಸುಂಕಗಳ ವಿವರಗಳನ್ನು ಬರೆದುಕೊಂಡನು. ಆ ಜನರು ಅವನಿಗೆ ಹೇಳಿದ ಕಥೆಯ ಸಾರಾಂಶವಿದು. ಮೊದಲು ಟಿಪ್ಪುವು ಆರ್ಕಾಟು, ಹೈದರಾಬಾದುಗಳೊಡನೆ ವ್ಯಾಪಾರವನ್ನು ನಿಷೇಧಿಸಿದನು. ಸರ್ಕಾರದ ಸರಕನ್ನು ಹೆಚ್ಚಿನ ಬೆಲೆಗೆ ಬಲವಂತವಾಗಿ ವರ್ತಕರ ಮೇಲೆ ಹೊರಿಸಿದನು. ಇಂಗ್ಲಿಷರು ಬಂದಾಗ ಧನಿಕರು ತಮ್ಮ ಬೆಲೆಬಾಳುವ ಒಡವೆ ವಸ್ತುಗಳನ್ನು ಕಲ್ಲುಕೋಟೆಯೊಳಗೆ ಸಾಗಿಸಿ ಇಟ್ಟರು. ಪೇಟೆ ಬಿದ್ದಾಗ ಪೇಟೆ ಲೂಟಿಯಾಯಿತು. ಕೋಟೆ ಬಿದ್ದಾಗ ಅಲ್ಲಿ ಇಟ್ಟುದೂ ಲೂಟಿಯಾಯಿತು. 1792ರ ಸಂಧಿಯ ಬಳಿಕ ಊರು ಮತ್ತೆ ಟಿಪ್ಪುವಿಗೆ ಸೇರಿತು. ಅವನು ಅಭಯವಿತ್ತು ಚದುರಿದವರನ್ನು ಕರೆಸಿದನು. ಅವರು ಅಲ್ಲಲ್ಲಿ ಅಡಗಿಸಿಟ್ಟಿದ್ದ ಅಳಿದುಳಿದ ಸ್ವತ್ತನ್ನು ಕೂಡಿಸಿಕೊಂಡು ಬಂದರು. ಬಂದ ಮೇಲೆ ಇಂಗ್ಲಿಷರಿಗೆ ಸ್ನೇಹಿತರಾಗಿದ್ದಿರೆಂಬ ನೆಪದಿಂದ ದಂಡನ್ನು ಸುತ್ತಲೂ ನಿಲ್ಲಿಸಿ, ಹೆಂಗಸರ ಮೈಮೇಲಿನ ಚಿಕ್ಕಪುಟ್ಟ ಒಡವೆಗಳವರೆಗೆ ಕಿತ್ತುಕೊಂಡರು. ಬಳಿಕ ಊರನ್ನು ಬಳಸಿದ್ದ ಮುಳ್ಳುಬೇಲಿಯ ಹೊರಗೆ ಯಾರೂ ಕಾಲಿಡದಂತೆ ಕಾವಲಿಟ್ಟರು. 1799ರಲ್ಲಿ ಜನರಲ್ ಹ್ಯಾರಿಸನ ಸೈನ್ಯವು ಸಮೀಪಿಸಿದಾಗ ಕಾವಲಿನವರು ಹೊರಟುಹೋದರು. ಆಗ ಬೇಲಿ ತೆರೆಯಿತು. ಆದರೆ ಯಾರನ್ನು ನಂಬಬೇಕೆಂಬುದೇ ತಿಳಿಯದೆ ಜನರೆಲ್ಲರೂ ಚದುರಿ ಓಡಿದರು. ಕೆಲವು ತಿಂಗಳು ಬೆಂಗಳೂರು ಪೇಟೆಯು ಹಾಳುಬಿದ್ದಿತ್ತು.

ಬುಕಾನನ್ನನು ಗೆದ್ದವರ ಕಡೆಯವನು. ಸೋತು ಮಡಿದ ಟಿಪ್ಪುವಿನ ವಿಷಯವಾಗಿ ಅವನು ಬರೆದುದನ್ನು ತೂಗಿ ನೋಡತಕ್ಕದ್ದು ನ್ಯಾಯವೇ. ಹೊಸ ಪ್ರಭುಗಳ ಅಧಿಕಾರಿಯು ಎದುರಿಗೆ ನಿಂತು ಕೇಳುವಾಗ ಹಳೆಯ ಪ್ರಭುವಿನ ಮೇಲೆ ದೂರು ಹೇಳುವುದು ಸುಲಭವೆಂಬುದನ್ನೂ ನೆನೆಯಬೇಕು. ಆದರೆ ತನ್ನ ಕಡೆಯವರೇ ಪೇಟೆಯನ್ನೂ ಕೋಟೆಯನ್ನೂ ಸುಲಿದರೆಂಬುದನ್ನು ಅವನು ಮುಚ್ಚಿಡಲಿಲ್ಲ. ತನ್ನವರ ದೋಷವನ್ನು ಬರೆದವನ ಲೇಖನಿಗೆ ಅಷ್ಟು ಮಟ್ಟಿನ ಬೆಲೆ ಸಲ್ಲಬೇಕು. ಯಾರ ಪಾಲಿನ ತಪ್ಪು ಎಷ್ಟೆಂಬ ಲೆಕ್ಕವು ಹೇಗೆಯೇ ತೀರ್ಮಾನವಾಗಲಿ, ಒಂದು ಮಾತು ನಿಶ್ಚಯ. 1760ರಲ್ಲಿ ನಾಲ್ಕು ಲಕ್ಷವನ್ನು ಒಬ್ಬನ ಮಾತಿನ ಮೇಲೆ ಕೊಡಬಲ್ಲವರಾಗಿದ್ದ ಪೇಟೆಯವರು, 1799ರಲ್ಲಿ ಯಾರ ಮಾತನ್ನೂ ನಂಬಲಾರದೆ ಓಡಿದರು. ನಾಲ್ವತ್ತು ವರ್ಷಗಳಲ್ಲಿ ಬೆಂಗಳೂರು ಕಳೆದುಕೊಂಡ ಸಂಪತ್ತು ಇದೇ. ಗೋಡೆ ಬಿದ್ದರೆ ಕಟ್ಟಬಹುದು, ಲೂಟಿಯಾದ ಒಡವೆಯನ್ನು ಮತ್ತೆ ಮಾಡಿಸಬಹುದು. ಪೇಟೆಯ ನಿಜವಾದ ಕೋಶವು ವಿಶ್ವಾಸ. ಅದು ಬರಿದಾದರೆ ಉಳಿದ ಆರು ಅಂಗಗಳಿಂದಲೂ ಪ್ರಯೋಜನವಿಲ್ಲ.

ಹಾಗಿದ್ದರೂ ಅವರು ಮರಳಿ ಬಂದರು. ಬುಕಾನನ್ನನು ಬಂದ ವೇಳೆಗೆ ಎಲ್ಲ ಕಡೆಗಳಿಂದಲೂ ಜನರು ಬೆಂಗಳೂರಿಗೆ ಸೇರುತ್ತಿದ್ದರು. ಮುಚ್ಚಿದ್ದ ದಾರಿಗಳು ತೆರೆದು ಹೇರುಗಳು ಬರಲಾರಂಭಿಸಿದ್ದುವು. ಟಿಪ್ಪುವು ತಾನೇ ಕೆಡವಿಸಿದ್ದ ಕೋಟೆಯನ್ನು ದಿವಾನ್ ಪೂರ್ಣಯ್ಯನವರು ದುರಸ್ತು ಮಾಡಿಸುತ್ತಿದ್ದರು. ಯಾರ ಆಜ್ಞೆಯೂ ಇಲ್ಲದೆ, ಯಾರ ಅಭಯಪತ್ರವೂ ಇಲ್ಲದೆ, ಕುಂಬಾರನು ತಿಗರಿಯ ಬಳಿಗೂ ನೇಕಾರನು ಮಗ್ಗದ ಗುಂಡಿಗೂ ಬಂದು ಕುಳಿತರು. ಅವರ ಹೆಸರುಗಳನ್ನು ಯಾವ ಫಲಕವೂ ಹೇಳುವುದಿಲ್ಲ. ಆದರೆ ಬೆಂಗಳೂರನ್ನು ಎರಡನೆಯ ಬಾರಿ ಸ್ಥಾಪಿಸಿದವರು ಅವರೇ ಎಂದರೆ ಅತಿಶಯೋಕ್ತಿಯಾಗದು.

ಕಾಲವು ಬಳಿಕ ತನ್ನ ತೀರ್ಪನ್ನು ಕೊಟ್ಟಿದೆ. ಕಲ್ಲುಕೋಟೆಯ ಗೋಡೆಗಳು ರಸ್ತೆಗಳಿಗೂ ಕಟ್ಟಡಗಳಿಗೂ ಎಡೆಗೊಟ್ಟು ಬಹುಮಟ್ಟಿಗೆ ಅಳಿದುಹೋದುವು. ಕೋಟೆಯ ನೆಲದಲ್ಲಿ ಆಸ್ಪತ್ರೆಯೂ ಶಾಲೆಗಳೂ ಎದ್ದುವು. ಕೋಟೆಯ ಪಕ್ಕದ ಬಯಲಿನಲ್ಲಿ 1892ರಲ್ಲಿ ಚಾಮರಾಜಪೇಟೆಯು ಹುಟ್ಟಿತು. 1898ರ ಪ್ಲೇಗಿನ ಭಯದಿಂದ ಪೇಟೆಯ ಇಕ್ಕಟ್ಟನ್ನು ಬಿಟ್ಟು ಬಂದವರಿಗಾಗಿ ಬಸವನಗುಡಿ ಮಲ್ಲೇಶ್ವರಗಳು ಬೆಳೆದುವು. ಧರ್ಮಾಂಬುಧಿಯು ಬತ್ತಿ ಬಸ್ಸುಗಳ ನಿಲ್ದಾಣವಾಯಿತು. ಆಂಗ್ಲ ಯೋಧರ ನೆನಪಿಗಾಗಿ ನಿಲ್ಲಿಸಿದ್ದ ಸ್ತಂಭವು 1964ರಲ್ಲಿ ಕೆಡವಲ್ಪಟ್ಟಿತು. ಆದರೆ ಮಣ್ಣಿನ ಗೋಡೆಯ ಹಿಂದೆ ನಿಂತಿದ್ದ ಪೇಟೆಯು, ಆ ಗೋಡೆ ಇಲ್ಲವಾದ ಮೇಲೆಯೂ, ಅದೇ ಬೀದಿಗಳಲ್ಲಿ ಅದೇ ಹೆಸರುಗಳಿಂದ ನಡೆದಿದೆ. ಬಳೇಪೇಟೆಯಲ್ಲಿ ಬೆಳಗಿನ ಹೊತ್ತು ಅಂಗಡಿಯ ಬಾಗಿಲು ತೆರೆದು, ಹೊಸ್ತಿಲಿಗೆ ನೀರು ಚಿಮುಕಿಸಿ, ಮೊದಲ ಗಿರಾಕಿಗೆ ಸರಕನ್ನು ಸಾಲವಾಗಿ ಕೊಡುವ ವರ್ತಕನು, ತಾನು ಯಾವ ಪುರಾತನ ವ್ರತವನ್ನು ನಡೆಸುತ್ತಿರುವೆನೆಂಬುದನ್ನು ಅರಿತಿರಲಾರನು. ಕೋಟೆಗಳನ್ನು ಕಟ್ಟಿದವರೂ ಕೆಡವಿದವರೂ ಹೋದ ಮೇಲೆ ಊರನ್ನು ಊರಾಗಿ ಉಳಿಸುವುದು ಆ ವ್ರತವೇ.